ಫುಲ್ ಸ್ಲೀಪಿಂಗ್

ಹೋದ ತಿಂಗಳು ನನ್ನ ಮಗಳು ನನ್ನ ಕೈಗೊಂದು ಕಪ್ಪು ಪಟ್ಟಿ ಕಟ್ಟಿದಳು. ನೋಡುವುದಕ್ಕೆ ಗಡಿಯಾರ, ಆದರೆ ಅದರ ಕಣ್ಣೆಲ್ಲ ನನ್ನ ಮೇಲೆಯೇ. ಎಷ್ಟು ನಡೆದೆ, ಎದೆ ಹೇಗೆ ಬಡಿಯುತ್ತಿದೆ, ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡಿದೆ, ಎಲ್ಲವನ್ನೂ ಅದು ಮಗಳ ಫೋನಿಗೆ ಚಾಡಿ ಹೇಳುತ್ತದೆ. ಗಂಗಾನಗರದ ಈ ಮನೆಯಲ್ಲಿ ಬೆಳಿಗ್ಗೆ ನಾನು ಅಡುಗೆಮನೆಗೆ ಕಾಲಿಡುವ ಮೊದಲೇ ತೀರ್ಪು ಹೊರಬಿದ್ದಿರುತ್ತದೆ. "ಏನಮ್ಮ ಇದು, ನಿನ್ನ ಸ್ಲೀಪ್ ಸ್ಕೋರ್ ಮೂವತ್ತು! ಪಾಸಾಗೋಕೂ ಆಗ್ಲಿಲ್ವಲ್ಲ ನಿನ್ಗೆ!"

ನಾನು ಜೀವಮಾನವಿಡೀ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳಿ ಪಿಂಚಣಿ ತೆಗೆದುಕೊಂಡವಳು. ಸ್ಲೀಪ್, ಸ್ಲೆಪ್ಟ್, ಸ್ಲೆಪ್ಟ್ ಎಂದು ಹಲಗೆಯ ಮೇಲೆ ಬರೆದು ತಿರುಗಿ ನೋಡುವಷ್ಟರಲ್ಲಿ ಹಿಂದಿನ ಬೆಂಚು ಆ ಮೂರನ್ನೂ ಮಾಡಿ ಮುಗಿಸಿರುತ್ತಿತ್ತು. ಆಗ ಅವರ ಕಿವಿ ಹಿಂಡುತ್ತಿದ್ದೆ. ಈಗ ಅದೇ ಪದದಲ್ಲಿ ನಾನೇ ಫೇಲು. ಮಾಡಿದ್ದುಣ್ಣೋ ಮಹಾರಾಯ ಎನ್ನುವುದು ಸುಮ್ಮನೆ ಅಲ್ಲ.

ನಿದ್ದೆ ಬಾರದೆ ಹೊರಳಾಡುವಾಗ ಆ ಪದವನ್ನೇ ಹಿಡಿದುಕೊಂಡು ಒಂದಿಷ್ಟು ದೂರ ಹೋಗಿಬರುತ್ತೇನೆ. ಇಂಗ್ಲಿಷಿನವರು, ಪಾಪ, ಒಂದೇ ಒಂದು ಸ್ಲೀಪನ್ನು ಇಟ್ಟುಕೊಂಡು ಏನೆಲ್ಲ ಸಂಸಾರ ಮಾಡುತ್ತಾರೆ ನೋಡಿ. ನಮಗೆ ಕಾಲು ಜೋಮು ಹಿಡಿದರೆ ಅವರಿಗೆ ಕಾಲು ನಿದ್ದೆ ಹೋಗುತ್ತದೆ. ನಾಳೆ ಯೋಚನೆ ಮಾಡಿ ಹೇಳುತ್ತೇನೆ ಎನ್ನಬೇಕಾದರೆ ಅದರ ಮೇಲೆ ಮಲಗಿ ಏಳುತ್ತಾರಂತೆ. ಸಾಕಿದ ನಾಯಿಗೆ ಸೂಜಿ ಹಾಕಿ ಪ್ರಾಣ ತೆಗೆದರೂ ಮಲಗಿಸಿದೆವು ಅನ್ನುತ್ತಾರೆ. ನಮ್ಮಲ್ಲಿ ಹಾಗಲ್ಲ. ಮಲಗುವುದು ಬೇರೆ, ನಿದ್ದೆ ಬರುವುದು ಬೇರೆ. ನನ್ನನ್ನು ಕೇಳಿ, ಎರಡರ ನಡುವೆ ಹೆಬ್ಬಾಳದಿಂದ ಯಶವಂತಪುರಕ್ಕಿರುವಷ್ಟು ದೂರ ಇದೆ. ತೂಕಡಿಕೆ, ಜೊಂಪು, ಮಂಪರು, ಕೋಳಿನಿದ್ದೆ, ಒಂದೊಂದಕ್ಕೂ ಒಂದೊಂದು ಬಣ್ಣ. ರಾಗಿ ಪೈರು ಗಾಳಿಗೆ ಮಲಗುತ್ತದೆ. ಇನ್ನು ಮನುಷ್ಯ 'ಮಲಗಿದ್ದಾನೆ' ಎಂದರೆ ಸ್ವಲ್ಪ ಹೊತ್ತಿಗೆ ಎದ್ದು ಕಾಫಿ ಕೇಳುತ್ತಾನೆ. 'ಮಲಗಿಬಿಟ್ಟಿದ್ದಾನೆ' ಎಂದರೆ ಹಾಗಲ್ಲ, ಕಾಯಿಲೆ ಬಿದ್ದು ಹಾಸಿಗೆ ಹಿಡಿದಿದ್ದಾನೆ, ನೀವು ಹಣ್ಣು ತೆಗೆದುಕೊಂಡು ಹೋಗಿ ನೋಡಿಬರಬೇಕು. ಈ 'ಬಿಟ್ಟಿದ್ದಾನೆ' ಇದೆಯಲ್ಲ, ಅದು ಇಂಗ್ಲಿಷಿಗೆ ಹೋಗುವ ದಾರಿಯಲ್ಲಿ ಉದುರಿಹೋಗಿ ಒಂದು ಸಲ ನಮ್ಮ ಮನೆಯ ಅನ್ನವನ್ನೇ ಕಸಿದುಕೊಳ್ಳುವುದರಲ್ಲಿತ್ತು.

ಅರವತ್ತರ ದಶಕ ಇನ್ನೂ ಶುರುವಾಗಿತ್ತಷ್ಟೆ. ನಮ್ಮ ಹಳ್ಳಿ ಹೆಬ್ಬಾಳದ ಕೆರೆ ದಾಟಿ ಯಲಹಂಕದ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿತ್ತು. ಇತ್ತು ಎಂದೇ ಹೇಳಬೇಕು. ಈಗ ಅಲ್ಲಿ ನಿಂತರೆ ನನಗೇ ನಮ್ಮ ಮನೆ ಮೇಲ್ಸೇತುವೆಯ ಯಾವ ಕಂಬದ ಕೆಳಗಿತ್ತು ಎಂದು ಗೊತ್ತಾಗುವುದಿಲ್ಲ. ಆಗ ಆ ದಿಕ್ಕಿನಲ್ಲೆಲ್ಲ ದ್ರಾಕ್ಷಿ ಚಪ್ಪರಗಳು. ಕಪ್ಪು ದ್ರಾಕ್ಷಿ ಬಣ್ಣ ತಿರುಗುವ ಕಾಲಕ್ಕೆ ಗಾಳಿಯೇ ಸಿಹಿಯಾಗಿ, ಸ್ವಲ್ಪ ಹುಳಿಯಾಗಿ, ಮಧ್ಯಾಹ್ನದ ಹೊತ್ತು ಸುಮ್ಮನೆ ಕೂತವರಿಗೂ ಕಣ್ಣು ಎಳೆಯುತ್ತಿತ್ತು. ಚಪ್ಪರದ ಕೆಳಗಿನ ಆ ಹಸಿರು ಬೆಳಕನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ. ಅದರೊಳಗೆ ನಡೆದಾಡುವವರೆಲ್ಲ ನೀರಿನಡಿಯ ಮೀನುಗಳಂತೆ ಕಾಣುತ್ತಿದ್ದರು.

ಅಂಥದೊಂದು ತೋಟ ಒಬ್ಬ ದೊರೆಸಾನಿಯದು. ಗಂಡ ತೀರಿಕೊಂಡ ಮೇಲೂ ಊರಿಗೆ ಹೋಗದೆ ಇಲ್ಲೇ ಉಳಿದ ಇಂಗ್ಲಿಷ್ ಹೆಂಗಸು. ಅವಳ ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. 'ಬಾ', 'ಹೋಗು', 'ನೀರು', 'ಬೇಗ' ಎಂಬ ನಾಲ್ಕು ಮಾತಿನ ಕನ್ನಡದಲ್ಲಿ ಅವಳು ತೋಟ ಆಳುತ್ತಿದ್ದಳು. ಐದನೆಯ ಮಾತು ಬೇಕಾದರೆ ಬಟ್ಲರ್ ಬಂದು ನಿಂತು ಆಚೆಯದನ್ನು ಈಚೆಗೆ, ಈಚೆಯದನ್ನು ಆಚೆಗೆ ಮಾಡುತ್ತಿದ್ದ. ನನ್ನಪ್ಪ ಆ ತೋಟದ ಕಾವಲುಗಾರ. ಕತ್ತಲಾಗುತ್ತಲೇ ಕಂಬಳಿ, ಲಾಟೀನು, ದೊಣ್ಣೆ ಹಿಡಿದು ಹೋಗಿ ಅಟ್ಟಣೆಯ ಮೇಲೆ ಕೂತು, ಸೀಮೆಎಣ್ಣೆ ಡಬ್ಬ ಬಡಿದು ಬಾವಲಿಗಳನ್ನೂ ನರಿಗಳನ್ನೂ ಎರಡು ಕಾಲಿನ ನರಿಗಳನ್ನೂ ಓಡಿಸುವುದು ಅವನ ಕೆಲಸ. ನಮಗಿದ್ದ ಚೂರು ಹೊಲ ಮಳೆಯನ್ನು ನಂಬಿಕೊಂಡಿತ್ತು, ನಾವು ಅಪ್ಪನ ಸಂಬಳವನ್ನು ನಂಬಿಕೊಂಡಿದ್ದೆವು.

ಅಪ್ಪನ ತಮ್ಮ ಮುನಿರಾಜು ಚಿಕ್ಕಪ್ಪ. ಒಬ್ಬಳೇ ತಾಯಿ ಹೊಟ್ಟೆಯಲ್ಲಿ ಇಂಥ ಎರಡು ಜೀವ ಹೇಗೆ ಹುಟ್ಟಿದವೋ ದೇವರಿಗೇ ಗೊತ್ತು. ಅಪ್ಪ ನಿದ್ದೆಗೆಟ್ಟು ಬದುಕುವವನು. ಚಿಕ್ಕಪ್ಪ ನಿದ್ದೆಗೋಸ್ಕರ ಬದುಕುವವನು. ಗಾಡಿಯ ಮೇಲೆ, ಹೊಲದ ಬದುವಿನ ಮೇಲೆ, ಕೊಟ್ಟಿಗೆಯ ಹುಲ್ಲಿನಲ್ಲಿ, ಒಮ್ಮೆಯಂತೂ ಮದುವೆ ಮನೆಯಲ್ಲಿ ಎಲೆಯ ಮುಂದೆ ಅನ್ನ ಬಡಿಸುವುದಕ್ಕೂ ಸಾರು ಬಡಿಸುವುದಕ್ಕೂ ನಡುವೆ ನಿದ್ದೆ ಹೋಗಿದ್ದನಂತೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ಅಮ್ಮ ಅನ್ನುವಳು. ಅವನು ನಿದ್ದೆ ಮಾಡುವುದನ್ನು ನೋಡುವುದೇ ಒಂದು ಸುಖವಾಗಿತ್ತು ನನಗೆ. ಮುಖವೆಲ್ಲ ಸಡಿಲವಾಗಿ, ತುಟಿಯ ಕೊನೆಯಲ್ಲಿ ಯಾರಿಗೋ ಏನೋ ಹೇಳಲು ಹೊರಟಂಥ ನಗು. ಪಕ್ಕದಲ್ಲಿ ಕೂತರೆ ನಮಗೂ ಜೊಂಪು ಹತ್ತುತ್ತಿತ್ತು.

ಅವನ ಇನ್ನೊಂದು ಪ್ರೀತಿ ಇಂಗ್ಲಿಷು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ, ಆದರೂ ನಮ್ಮೂರಿನಲ್ಲಿ ಅವನಷ್ಟು ಇಂಗ್ಲಿಷ್ ಬಲ್ಲವರು ಬೇರೆ ಯಾರೂ ಇರಲಿಲ್ಲ. ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡು ಪಾಠ ಹೇಳುತ್ತಿದ್ದ. "ಕೇಳು ಮಗಾ, ಈಟ್ ಅಂದ್ರೆ ತಿನ್ನು. ಗೋ ಅಂದ್ರೆ ಓಗು. ಸ್ಲೀಪ್ ಅಂದ್ರೆ ಮಲಗು." ಕೊನೆಯದನ್ನು ಹೇಳುವಾಗ ಅವನ ಗಂಟಲೇ ಮೆತ್ತಗಾಗುತ್ತಿತ್ತು. ಬೆಳಗಿನ ಜಾವ ಕೆಂಗಣ್ಣು ಮಾಡಿಕೊಂಡು ಮನೆಗೆ ಬರುವ ಅಪ್ಪ, ಇನ್ನೂ ಹೊದ್ದು ಮಲಗಿರುವ ತಮ್ಮನನ್ನು ನೋಡಿ, "ಬಾಯ್ ತುಂಬ ಇಂಗ್ಲೀಸು, ಮೈ ತುಂಬ ನಿದ್ದೆ. ಇವನ್ನ ಇಟ್ಕಂಡು ನಾನೇನ್ ಮಾಡ್ಲಪ್ಪಾ" ಎಂದು ದಿನಾ ಒಂದು ಸಲ ಕೇಳಿಕೊಳ್ಳುವನು.

ಆ ವರ್ಷ ದ್ರಾಕ್ಷಿ ಬಣ್ಣ ತಿರುಗುವ ಹೊತ್ತಿಗೆ ಸರಿಯಾಗಿ ಅಪ್ಪನಿಗೆ ಜ್ವರ ಬಂತು. ಬರೀ ಜ್ವರವೆಂದುಕೊಂಡು ಕಷಾಯ ಕುಡಿದು ಒಂದೆರಡು ರಾತ್ರಿ ಕಾವಲಿಗೆ ಹೋದ. ಆಮೇಲೆ ಒಂದು ಬೆಳಿಗ್ಗೆ ಹೊಸಿಲು ದಾಟುವಾಗ ಕುಸಿದವನು ಏಳಲಿಲ್ಲ. ವಿಷಮಶೀತ ಜ್ವರ, ಅಲುಗಾಡಿಸಬೇಡಿ, ಗಂಜಿ ಬಿಟ್ಟು ಬೇರೇನೂ ಕೊಡಬೇಡಿ ಎಂದು ಡಾಕ್ಟರು ಹೇಳಿಹೋದರು. ಅವತ್ತು ರಾತ್ರಿ ತೋಟಕ್ಕೆ ಯಾರೂ ಹೋಗಲಿಲ್ಲ. ಮನೆಯಲ್ಲಿ ಯಾರಿಗೂ ಅದರ ನೆನಪೇ ಬರಲಿಲ್ಲ. ಮಾರನೆಯ ದಿನ ಅಮ್ಮನಿಗೆ ನೆನಪಾಯಿತು. ಬಟ್ಲರ್ ಮಗಳ ಮದುವೆಗೆಂದು ಊರಿಗೆ ಹೋಗಿದ್ದ. ಇನ್ನು ಇಂಗ್ಲಿಷ್ ಆಡುವವರು ಯಾರು?

"ಮುನಿರಾಜು, ದೊರೆಸಾನಿಗೆ ಏಳ್ಬುಟ್ ಬಾರಪ್ಪ," ಅಂದಳು ಅಮ್ಮ. "ನಿಮ್ಮಣ್ಣ ಮಲಗ್ಬುಟ್ಟವ್ರೆ, ವಸಿ ದಿನ ಬರಕ್ಕಾಗಲ್ಲ ಅಂತ."

ಚಿಕ್ಕಪ್ಪ ತಲೆ ಬಾಚಿ, ಒಗೆದ ಷರ್ಟು ಹಾಕಿಕೊಂಡು ಹೊರಟ. ಅಣ್ಣನ ಬಗ್ಗೆ ಸಂಕಟ ಇತ್ತು, ಇಲ್ಲ ಅನ್ನುವುದಿಲ್ಲ; ಆದರೆ ನಿಜವಾದ ಇಂಗ್ಲಿಷ್ ಕಿವಿಗೆ ಇಂಗ್ಲಿಷ್ ಹೇಳುವ ಯೋಗವೂ ಮೊದಲ ಸಲ ಬಂದಿತ್ತು. ಅವನ ಬೆರಳು ಹಿಡಿದುಕೊಂಡು ನಾನೂ ಹೋದೆ. ದಾರಿಯುದ್ದಕ್ಕೂ ಅವನು ಮಾತು ಕಟ್ಟಿದ. ಅಣ್ಣ ಅಂದರೆ ಬ್ರದರ್, ಸರಿ. ಮಲಗು ಅಂದರೆ ಸ್ಲೀಪ್, ಸರಿ. ಮಲಗಿದ್ದಾನೆ, ಸ್ಲೀಪಿಂಗ್. ಮಲಗಿಬಿಟ್ಟಿದ್ದಾನೆ? ಅಲ್ಲಿ ಅವನ ಕಾಲು ನಿಂತಿತು. ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು, ಕೊಕ್ಕರೆಗಳು ಒಂದೇ ಕಾಲಿನಲ್ಲಿ ತೂಕಡಿಸುತ್ತಿದ್ದವು. ಕೊನೆಗೆ ಚಿಕ್ಕಪ್ಪನ ಮುಖ ಅರಳಿತು. "ಸಿಕ್ತು ಕಣೇ! ಫುಲ್ ಸ್ಲೀಪಿಂಗ್!"

ದೊರೆಸಾನಿ ವೆರಾಂಡದಲ್ಲಿ ನಿಂತಿದ್ದಳು. ಹಿಂದಿನ ರಾತ್ರಿ ಬಾವಲಿ ಹಿಂಡು ಒಂದು ಸಾಲು ಚಪ್ಪರವನ್ನೇ ಹಾಳುಗೆಡವಿದ್ದು ನಮಗೆ ತಿಳಿಯದು. ಚಿಕ್ಕಪ್ಪ ಕೈ ಕಟ್ಟಿ ನಿಂತು, ಪದ್ಯ ಒಪ್ಪಿಸುವಂತೆ ಒಪ್ಪಿಸಿದ. "ಮೈ ಬ್ರದರ್ ಫುಲ್ ಸ್ಲೀಪಿಂಗ್, ಮೇಡಂ. ಡೇ ಸ್ಲೀಪಿಂಗ್. ನೈಟ್ ಸ್ಲೀಪಿಂಗ್. ನೋ ಕಮಿಂಗ್."

ಯೋಚನೆ ಮಾಡಿ ನೋಡಿ. ಲೋಕದಲ್ಲಿ ಯಾರ ಬಗ್ಗೆ ಬೇಕಾದರೂ ಆ ಮಾತು ಹೇಳಬಹುದು, ಕಾವಲುಗಾರನೊಬ್ಬನನ್ನು ಬಿಟ್ಟು! ದೊರೆಸಾನಿಯ ಮುಖ ಕೆಂಪಗಾಯಿತು. ಹಾಗಾದರೆ ಅವನು ಮಲಗಿಯೇ ಇರಲಿ, ಇನ್ನು ಏಳುವ ತೊಂದರೆಯನ್ನೇ ತೆಗೆದುಕೊಳ್ಳದಿರಲಿ ಎಂದು ಇಂಗ್ಲಿಷಿನಲ್ಲಿ ಹೇಳಿ, "ಹೋಗು!" ಎಂದು ತನ್ನ ಕನ್ನಡ ಸೇರಿಸಿ ಒಳಗೆ ಹೋದಳು. ಚಿಕ್ಕಪ್ಪನಿಗೆ ಅದರಲ್ಲಿ ಸ್ಲೀಪ್ ಎಂಬುದೊಂದು ಚೆನ್ನಾಗಿ ಕೇಳಿಸಿತು. ಓಡುತ್ತ ಮನೆಗೆ ಬಂದು, "ಅತ್ತಿಗೆ, ಮಲಗ್ಲಿ ಅಂದ್ರು! ಏಳದೇ ಬ್ಯಾಡ, ಚೆನ್ನಾಗಿ ಮಲಗ್ಲಿ ಅಂದ್ರು!" ಎಂದ. ಅಮ್ಮ ತೋಟದ ದಿಕ್ಕಿಗೆ ತಿರುಗಿ ಕೈ ಮುಗಿದಳು. ಆಹಾ, ಅವತ್ತು ನಮ್ಮ ಮನೆಯಲ್ಲಿ ಎಷ್ಟು ನೆಮ್ಮದಿ!

ನೆಮ್ಮದಿ ಮಾರನೆಯ ಬೆಳಿಗ್ಗೆಯವರೆಗೆ ಇತ್ತು. ತೋಟದಲ್ಲಿ ಕಳೆ ತೆಗೆಯುವ ನಂಜಮ್ಮ ಬಂದು ಅಪ್ಪ ಅಟ್ಟಣೆಯಲ್ಲಿ ಬಿಟ್ಟಿದ್ದ ಕಂಬಳಿಯನ್ನೂ ಲಾಟೀನನ್ನೂ ಜಗಲಿಯ ಮೇಲಿಟ್ಟಳು. "ಅಲ್ಲ ಕಣಕ್ಕ, ಅಣ್ಣ ಕಾವಲಲ್ಲಿ ಮಲೀಕ್ಕತಾರಂತೆ, ಅವರ ತಮ್ಮನೇ ಬಂದು ಏಳ್ದನಂತೆ? ಬ್ಯಾರೆಯೋರ್ನ ನೋಡಿ ಅಂತ ದೊರೆಸಾನಿ ಆಚೆ ತೋಟದ ಸಾಹೇಬ್ರಿಗೆ ಇಂಗ್ಲೀಸಲ್ಲಿ ಏಳವ್ಳೆ. ಅಲ್ಲೀ ಆಳ್ಗಳ್ಗೂ ಗೊತ್ತಾಗೋಯ್ತು."

ಕೆಲಸ ಹೋದರೆ ಇನ್ನೊಂದು ಕೆಲಸ. ಆದರೆ ನಿದ್ದೆ ಮಾಡುವ ಕಾವಲುಗಾರ ಎಂಬ ಹೆಸರು ಬಂದರೆ ಹೆಬ್ಬಾಳದಿಂದ ಯಲಹಂಕದವರೆಗೆ ಒಂದು ತೋಟದ ಬೇಲಿಯೂ ಅಪ್ಪನಿಗೆ ತೆರೆಯುತ್ತಿರಲಿಲ್ಲ. ಅಮ್ಮನಿಗೆ ಅದು ಗೊತ್ತು. ಒಳಗೆ ಮಲಗಿದ್ದ ಅಪ್ಪನಿಗೂ ಎಲ್ಲ ಕೇಳಿಸಿತ್ತು. ಗೋಡೆ ಹಿಡಿದು ಏಳಲು ಹೋಗಿ ಮತ್ತೆ ಬಿದ್ದ. ಬಾಗಿಲಲ್ಲಿ ನಿಂತಿದ್ದ ತಮ್ಮನನ್ನು ನೋಡಿ, "ನನ್ ಕಣ್ ಮುಂದೆ ನಿಲ್ಬ್ಯಾಡ ಕಣೋ, ಎಲ್ಲಾರ ಓಗು" ಅಂದ. ಕೂಗಲಿಲ್ಲ, ಕೂಗುವ ಶಕ್ತಿ ಇರಲಿಲ್ಲ. ಕೂಗಿದ್ದರೆ ಚಿಕ್ಕಪ್ಪ ತಡೆದುಕೊಳ್ಳುತ್ತಿದ್ದನೇನೋ. ಅವನ ಮುಖ ನೋಡಲಾರದೆ ನಾನು ಅಮ್ಮನ ಸೆರಗಿನೊಳಗೆ ಸೇರಿಕೊಂಡೆ.

ಅಮ್ಮ ಆ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದಳು. "ಬಾರೇ" ಎಂದು ನನ್ನನ್ನು ಎಳೆದುಕೊಂಡು ಸೀದಾ ತೋಟಕ್ಕೆ ನಡೆದಳು. ಚಿಕ್ಕಪ್ಪ ನಮ್ಮ ಹಿಂದೆ, ಮಾತು ಕೇಳಿಸದಷ್ಟು ದೂರದಲ್ಲಿ, ಬೇಲಿಯ ನೆರಳು ಹಿಡಿದು ಬಂದ. ವೆರಾಂಡದಲ್ಲಿ ಅಮ್ಮ ಇದ್ದುದನ್ನೆಲ್ಲ ಕನ್ನಡದಲ್ಲಿ ಹೇಳಿದಳು, ಜೋರಾಗಿ ಹೇಳಿದಳು, ಜೋರಾಗಿ ಹೇಳಿದರೆ ಅರ್ಥವಾಗುತ್ತದೆ ಎಂಬ ನಂಬಿಕೆ ನಮ್ಮ ಕಡೆಯವರಿಗೆಲ್ಲ ಇದೆ. ದೊರೆಸಾನಿ "ಹೋಗು" ಅಂದಳು. ಅಮ್ಮ ಹೋಗಲಿಲ್ಲ. ಆ ಕೆಂಪು ನೆಲದ ಮೇಲೆ, ಇಡೀ ತೋಟದ ಆಳುಗಳು ನೋಡುತ್ತಿರುವಾಗ, ಮೈ ಚಾಚಿ ಮಲಗಿಬಿಟ್ಟಳು. ಹಲ್ಲು ಕಟಕಟ ಅನ್ನಿಸಿದಳು, ಹಣೆ ಒತ್ತಿಕೊಂಡಳು, ನರಳಿದಳು, ಕೈ ಊರಿ ಏಳಲು ಹೋಗಿ ಥಟ್ಟನೆ ಬಿದ್ದಳು. ನಾಟಕದ ಕಂಪನಿಯವರು ನೋಡಿದ್ದರೆ ಅಲ್ಲೇ ಸಂಬಳ ಮಾತಾಡುತ್ತಿದ್ದರು.

ದೊರೆಸಾನಿ ಕುರ್ಚಿ ಬಿಟ್ಟು ಎದ್ದಳು. "ಇಲ್? ಈಸ್ ಹಿ ಇಲ್?"

ಅವಳು ಕೇಳಿದ್ದು ಕಾಯಿಲೆಯಾ ಎಂದು, ಅಮ್ಮ ಕೇಳಿಸಿಕೊಂಡದ್ದು ನಮ್ಮ 'ಇಲ್ಲ'. ಗಂಡ ಇಲ್ಲವಾ, ಹೋದನಾ ಎಂದು ಕೇಳುತ್ತಿದ್ದಾಳೆ ಅಂದುಕೊಂಡು ಚಂಗನೆ ಎದ್ದು ಕೂತಳು. "ಇಲ್ಲ ಅನ್ಬ್ಯಾಡ ನಮ್ಮವ್ವಾ! ಅವ್ರೆ! ಉಸಿರಾಡ್ತಾವ್ರೆ!" ಎನ್ನುತ್ತ, ಅಲ್ಲಿಯವರೆಗೆ ಒಂದು ಹನಿ ಹಾಕದಿದ್ದವಳು ಭೋರೆಂದು ಅತ್ತುಬಿಟ್ಟಳು. ದೊರೆಸಾನಿ ಗಾಬರಿಯಾಗಿ "ಇಲ್, ಇಲ್" ಎಂದು ಸಮಾಧಾನ ಮಾಡಿದಷ್ಟೂ ಅಮ್ಮನ ಅಳು ಜಾಸ್ತಿಯಾಗುತ್ತಿತ್ತು.

ಆಗ ಮೆಟ್ಟಿಲ ಕೆಳಗಿನಿಂದ ಚಿಕ್ಕಪ್ಪನ ದನಿ ಬಂತು. ಈ ಸಲ ಕೈ ಕಟ್ಟಿರಲಿಲ್ಲ, ಪದ್ಯವೂ ಇರಲಿಲ್ಲ. "ಬ್ರದರ್ ಹಾಟ್, ಮೇಡಂ. ಬಾಡಿ ಹಾಟ್, ಹೆಡ್ ಹಾಟ್. ಬ್ರದರ್ ಫಾಲ್. ಬ್ರದರ್ ನೋ ಸ್ಲೀಪ್. ನೆವರ್ ಸ್ಲೀಪ್, ಮೇಡಂ." ಅಷ್ಟು ಹೇಳಿ ತನ್ನ ಎದೆ ಮುಟ್ಟಿಕೊಂಡ. "ಐ ಸ್ಲೀಪ್. ಐ ಓನ್ಲಿ."

ದೊರೆಸಾನಿ ಮೆಟ್ಟಿಲ ಮೇಲೆಯೇ ಕೂತಳು. ಕೆಟ್ಟ ಹೆಂಗಸಲ್ಲ ಅವಳು, ಅವಳ ಅನ್ನವೂ ಆ ಚಪ್ಪರದಲ್ಲೇ ತೂಗುತ್ತಿತ್ತು. ಕೊನೆಗೆ ತೋಟದ ಕಡೆಗೆ ಕೈ ತೋರಿಸಿ, ಹಾಗಾದರೆ ರಾತ್ರಿ ಕಾಯುವವರು ಯಾರು ಎಂಬಂತೆ ಕೈ ತಿರುಗಿಸಿದಳು. ಚಿಕ್ಕಪ್ಪ ಒಂದು ಮೆಟ್ಟಿಲು ಹತ್ತಿದ. "ಐ ನೋ ಸ್ಲೀಪ್," ಅಂದ.

ಅಮ್ಮ ಅಳುವನ್ನು ಅರ್ಧಕ್ಕೇ ನಿಲ್ಲಿಸಿ ಅವನನ್ನು ನೋಡಿದಳು. "ನೀನಾ?"

ಹೌದು, ಅವನೇ. ಅಣ್ಣನ ಕಂಬಳಿ ಹೆಗಲಿಗೆ ಹಾಕಿಕೊಂಡು ಅವತ್ತೇ ಸಂಜೆ ಹೋದ. ತೋಟ ನಮ್ಮ ಮನೆಗೆ ಕೇಳುವಷ್ಟು ದೂರದಲ್ಲಿತ್ತು. ಆ ದಿನಗಳ ನೆನಪು ನನಗೆ ಹಗಲಿನಂತೆ ನಿಚ್ಚಳವಾಗಿಲ್ಲ. ಎಚ್ಚರದಲ್ಲಿ ಕಂಡದ್ದೆಷ್ಟು, ನಿದ್ದೆಗಣ್ಣಿನಲ್ಲಿ ಕಂಡದ್ದೆಷ್ಟು ಬಿಡಿಸಲಾರೆ. ಅಪ್ಪನ ಜ್ವರದ ಬಿಸಿ ಚಾಪೆಯಿಂದ ಚಾಪೆಗೆ ಹರಿಯುತ್ತಿತ್ತು. ದೂರದಲ್ಲಿ ಡಬ್ಬ ಢಣಢಣ ಎನ್ನುತ್ತಿತ್ತು. ಅಪ್ಪ ಕಣ್ಣು ಮುಚ್ಚಿಕೊಂಡೇ ಕೇಳುವನು, "ಬಡೀತಾವ್ನಾ?" ಅಮ್ಮ, "ಬಡೀತಾವ್ನೆ, ನೀವ್ ಮಲೀಕ್ಕಳಿ" ಎನ್ನುವಳು. ಡಬ್ಬ ನಡೆಯುತ್ತಿದ್ದರೆ ಅಪ್ಪನ ಉಸಿರು ನಿಧಾನವಾಗುತ್ತಿತ್ತು. ಡಬ್ಬ ನಿಂತರೆ ಅವನ ಕಣ್ಣು ತೆರೆಯುತ್ತಿತ್ತು. ಮತ್ತೆ ಢಣಢಣ ಕೇಳಿಸುವವರೆಗೆ ನಾವು ಮೂವರೂ ಉಸಿರು ಬಿಗಿಹಿಡಿದಿರುತ್ತಿದ್ದೆವು. ಅದು ಯಾವಾಗಲೂ ಕೇಳಿಸಿತು.

ನಿದ್ದೆ ತಡೆಯಲು ಅವನು ಹಸಿಮೆಣಸಿನಕಾಯಿ ಕಚ್ಚುತ್ತಿದ್ದನಂತೆ. ಅದೂ ಸಾಲದಾದಾಗ ಬಾವಲಿಗಳಿಗೆ ಇಂಗ್ಲಿಷ್ ಪಾಠ ಹೇಳುತ್ತಿದ್ದ. ಗಾಳಿ ನಮ್ಮ ಕಡೆ ಬೀಸಿದರೆ ಕೇಳಿಸುತ್ತಿತ್ತು. "ಗೋ! ವೆಂಟ್! ಗಾನ್!" ಢಣಢಣ. "ಕಮ್! ಕೇಮ್! ಕಮ್!" ಆ ತೋಟದಲ್ಲಿ ದೊರೆಯ ದೆವ್ವ ಓಡಾಡುತ್ತಿದೆ, ಇಂಗ್ಲೀಸಿನಲ್ಲಿ ಗದರುತ್ತದೆ ಎಂದು ಊರೆಲ್ಲ ಸುದ್ದಿಯಾಗಿ, ಎರಡು ಕಾಲಿನ ನರಿಗಳು ಆ ವರ್ಷ ಬೇಲಿಯ ಹತ್ತಿರ ಸುಳಿಯಲೇ ಇಲ್ಲ.

ಹಗಲಾದರೂ ಮಲಗಿದನೇ ಎಂದರೆ, ಬಂಡಿ ಕಟ್ಟಿ ಔಷಧಿ ತರುವವನೂ ಅವನೇ, ನೀರು ಸೇದುವವನೂ ಅವನೇ. ಅಪ್ಪನ ಎದುರಿಗೆ ಮಾತ್ರ ಬರುತ್ತಿರಲಿಲ್ಲ. ನಿಲ್ಲಬೇಡ ಅಂದಿದ್ದನಲ್ಲ, ನಿಲ್ಲಲಿಲ್ಲ. ಅವನ ದುಂಡು ಮುಖ ಬಾಡಿತು, ಕಣ್ಣು ಒಳಗೆ ಹೋದವು.

ಅಪ್ಪ ಗಂಜಿಯಿಂದ ಅನ್ನಕ್ಕೆ ಬಂದು, ಅನ್ನದಿಂದ ಕೋಲಿಗೆ ಬಂದು, ಒಂದು ಬೆಳಿಗ್ಗೆ ನನ್ನ ಹೆಗಲು ಹಿಡಿದು ತೋಟಕ್ಕೆ ಹೋಗೋಣ ಅಂದ. ಕುಯ್ಲು ಮುಗಿದಿತ್ತು. ಬರಿಯ ಎಲೆಯ ಚಪ್ಪರದ ಕೆಳಗೆ ಆ ಹಸಿರು ಬೆಳಕಿನಲ್ಲಿ ಚಿಕ್ಕಪ್ಪ ಅಟ್ಟಣೆಯಿಂದ ಇಳಿಯುತ್ತಿದ್ದವನು ಅಣ್ಣನನ್ನು ಕಂಡು ಏಣಿಯ ಮೇಲೇ ನಿಂತ. ಕೆಳಗೆ ಬರುವುದೋ ಮೇಲೆ ಹೋಗುವುದೋ ತಿಳಿಯದವನ ಹಾಗೆ.

"ಇಳಿಯೋ," ಅಂದ ಅಪ್ಪ. "ಸಾಕು. ಮಲೀಕ್ಕ ಓಗು."

ಅಷ್ಟೇ. ಕ್ಷಮಿಸು ಗಿಮಿಸು ಎಂಬ ಮಾತೆಲ್ಲ ನಮ್ಮ ಗಂಡಸರ ಬಾಯಲ್ಲಿ ಹುಟ್ಟುವುದಿಲ್ಲ. ಚಿಕ್ಕಪ್ಪ ಇಳಿದ. ಮನೆಯವರೆಗೆ ಹೋಗುವುದಾಗಲಿಲ್ಲ. ಅಲ್ಲೇ ಚಪ್ಪರದ ಬುಡದಲ್ಲಿ ಅಪ್ಪ ಕೂತ, ಅವನ ತೊಡೆಯ ಮೇಲೆ ಇವನು ತಲೆ ಇಟ್ಟ, ಇಟ್ಟದ್ದೇ ತಡ ನಿದ್ದೆ ಹೋಗಿಬಿಟ್ಟ. ದೊರೆಸಾನಿ ಛತ್ರಿ ಹಿಡಿದು ಬಂದಾಗ ಅಪ್ಪ ಏಳಲಾರದೆ ಕೂತಲ್ಲಿಂದಲೇ ಕೈ ಮುಗಿದ. ಅವಳು ಚಿಕ್ಕಪ್ಪನನ್ನು ತೋರಿಸಿ "ಇಲ್?" ಎಂದು ಕೇಳಿದಳು. ನನ್ನಪ್ಪನಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು ಒಂದೇ ಮಾತು, ಅದೂ ತನ್ನ ಕೆಲಸವನ್ನೇ ತಿಂದುಹಾಕಲಿದ್ದ ಮಾತು. ತಮ್ಮನ ತಲೆ ನೇವರಿಸುತ್ತ ಹೇಳಿದ, "ಇಲ್ಲ ತಾಯಿ. ಫುಲ್ ಸ್ಲೀಪಿಂಗ್." ದೊರೆಸಾನಿ ಛತ್ರಿಯನ್ನು ಅವನ ಮುಖಕ್ಕೆ ಬಿಸಿಲು ಬೀಳದಂತೆ ನೆಲಕ್ಕೆ ಒರಗಿಸಿಟ್ಟು ಬಿಸಿಲಿನಲ್ಲೇ ಮನೆಗೆ ಹೋದಳು.

ಅಪ್ಪ ಹೋಗಿ ಎಷ್ಟೋ ಕಾಲವಾಯಿತು, ಅಮ್ಮನೂ ಇಲ್ಲ. ಚಿಕ್ಕಪ್ಪ ಯಲಹಂಕದಲ್ಲಿ ಮಗನ ಮನೆಯಲ್ಲಿದ್ದಾನೆ. ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಹಾಸಿಗೆಯೇ ಗತಿ. ನೋವಿಗೆ ರಾತ್ರಿಯೆಲ್ಲ ಕಣ್ಣು ಮುಚ್ಚುವುದಿಲ್ಲವಂತೆ. ಹುಟ್ಟಾ ನಿದ್ದೆಯವನಿಗೆ ಈ ವಯಸ್ಸಿನಲ್ಲಿ ಇದೆಂಥ ಶಿಕ್ಷೆ ಎಂದು ದೇವರ ಮೇಲೆ ನನಗೆ ಸಿಟ್ಟು. ಇವತ್ತು ಬೆಳಿಗ್ಗೆಯೂ ಮಗಳು ನನ್ನನ್ನು ಫೇಲು ಮಾಡಿ ಆಫೀಸಿಗೆ ಹೋದ ಮೇಲೆ ಅಲ್ಲಿಗೆ ಫೋನ್ ಮಾಡಿದೆ. ಅವನ ಮೊಮ್ಮಗಳು ತೆಗೆದುಕೊಂಡಳು.

"ತಾತ ಸ್ಲೀಪಿಂಗ್, ಅತ್ತೆ."

ಕೂತಿದ್ದವಳು ಎದ್ದು ನಿಂತೆ. "ಯಾವ ಸ್ಲೀಪಿಂಗ್ ಮಗು? ಸರಿಯಾಗಿ ಹೇಳು!"

"ಅಯ್ಯೋ, ನಿದ್ದೆ ಅತ್ತೆ, ಬರೀ ನಿದ್ದೆ," ಎಂದು ನಕ್ಕಳು. "ಡಾಕ್ಟರು ಮಾತ್ರೆ ಚೇಂಜ್ ಮಾಡಿದ್ರು. ನಿನ್ನೆ ಮಲಗಿದವ್ರು ಇನ್ನೂ ಎದ್ದಿಲ್ಲ, ಗೊರಕೆ ಹೊಡೀತಿದ್ದಾರೆ. ಎಬ್ಬಿಸ್ಲಾ?"

ಫೋನನ್ನು ಕಿವಿಗೆ ಒತ್ತಿಕೊಂಡೆ. ಹಿಂದೆ ಎಲ್ಲೋ ದೂರದಲ್ಲಿ ಅವನ ಉಸಿರು ಏರುತ್ತಿತ್ತು, ಇಳಿಯುತ್ತಿತ್ತು. ನಿದ್ದೆ ಬಾರದ್ದಕ್ಕೆ ಇಷ್ಟು ದಿನ ಗೊಣಗುತ್ತಿದ್ದ ನನಗೆ ಆ ಹೊತ್ತು ಅದರಲ್ಲಿ ಯಾವ ಕೊರತೆಯೂ ಕಾಣಲಿಲ್ಲ.

"ಬೇಡಮ್ಮ," ಅಂದೆ. "ಮಲಗ್ಲಿ ಬಿಡು. ಎಚ್ಚರ ಇರೋಕೆ ನಾನಿದ್ದೀನಿ."